ಐದು ಕಡೆ ಗೃಹಸಾಲ ವಿಚಾರಿಸಿದ ಮೇಲೆ ನನ್ನ ಸಿಬಿಲ್ ಸ್ಕೋರ್

ಉಡುಪಿಯ ಸಂತೆಕಟ್ಟೆಯ ಬಳಿ ಏಳು ಸೆಂಟ್ಸ್ ಜಾಗದಲ್ಲಿದ್ದ ಮನೆಯೊಂದಕ್ಕೆ ಮುಂಗಡ ಕೊಟ್ಟಾಗ ನನ್ನ ಸಿಬಿಲ್ ಸ್ಕೋರ್, ಅಂದರೆ ಸಾಲಗಳನ್ನು ಹೇಗೆ ತೀರಿಸುತ್ತಾ ಬಂದಿದ್ದೇವೆಂದು ನೋಡಿ ಸಿಬಿಲ್ ಎಂಬ ಕಂಪನಿ ಕೊಡುವ ಅಂಕ, 786 ಇತ್ತು. ನಲವತ್ತು ಲಕ್ಷ ರೂಪಾಯಿ ಸಾಲ ಬೇಕಿತ್ತು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕೂ 1925ರಲ್ಲಿ ಸಿಂಡಿಕೇಟ್ ಬ್ಯಾಂಕೂ ಹುಟ್ಟಿದ ಊರು ನಮ್ಮದು. ನನ್ನ ತಂದೆ ಸಾಲ ಪಡೆದದ್ದು ಮ್ಯಾನೇಜರರ ಮುಖಪರಿಚಯದ ಮೇಲೆ. ಆ ಎರಡೂ ಬ್ಯಾಂಕುಗಳು 2020ರ ಏಪ್ರಿಲ್‌ನಲ್ಲಿ ಬೇರೆ ಬ್ಯಾಂಕುಗಳೊಂದಿಗೆ ವಿಲೀನವಾದವು. ಮುಖಪರಿಚಯದ ಜಾಗದಲ್ಲಿ 300ರಿಂದ 900ರೊಳಗಿನ ಒಂದು ಸಂಖ್ಯೆ ಅದಕ್ಕೂ ಮೊದಲೇ ಬಂದು ಕೂತಿತ್ತು.

ನಾಲ್ಕು ಕಡೆ ಬಡ್ಡಿ ವಿಚಾರಿಸಿ ನೋಡುವುದರಲ್ಲಿ ತಪ್ಪೇನೂ ಇಲ್ಲ. ನಲವತ್ತು ಲಕ್ಷಕ್ಕೆ ಇಪ್ಪತ್ತು ವರ್ಷದ ಅವಧಿಯಲ್ಲಿ ಶೇ. 8.75ರ ಬದಲು ಶೇ. 8.5 ಸಿಕ್ಕಿದರೆ ತಿಂಗಳ ಕಂತು 35,348 ರೂಪಾಯಿಯಿಂದ 34,713ಕ್ಕೆ ಇಳಿಯುತ್ತದೆ. ದರ ಬದಲಾಗದಿದ್ದರೆ 240 ಕಂತುಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ. ನಾನು ಎಡವಿದ್ದು ವಿಚಾರಿಸಿದ ರೀತಿಯಲ್ಲಿ. ಪರಿಚಿತರೊಬ್ಬರ ಮೂಲಕ ಬಂದ ಸಾಲದ ಏಜೆಂಟರು, “ಎಲ್ಲಾ ಬ್ಯಾಂಕಿನ ರೇಟು ನಾನೇ ತಂದು ಕೊಡ್ತೇನೆ ಮಾರಾಯ್ರೆ, ನೀವು ಪ್ಯಾನ್ ಕಾರ್ಡು ಕಳಿಸಿ, ಒಂದು ಓಟಿಪಿ ಬರ್ತದೆ, ಹೇಳಿ” ಎಂದರು. ಒಂದು ಓಟಿಪಿ ಎಂದದ್ದು ಮೂರಾಯಿತು. ಕೇಳಿದಷ್ಟನ್ನೂ ನಾನು ಹೇಳಿದೆ.

ಮುಂದಿನ ಶನಿವಾರ ಮೀನಿನ ಅಂಗಡಿಯೆದುರು ಬಂಗುಡೆ ಶುಚಿ ಮಾಡಿಸಿಕೊಳ್ಳುತ್ತಾ ನಿಂತಿದ್ದಾಗ ಫೋನಿಗೆ ಮೇಲಿಂದ ಮೇಲೆ ಸಂದೇಶಗಳು ಬಂದವು. ನಮ್ಮ ಕ್ರೆಡಿಟ್ ವರದಿಯನ್ನು ಯಾವುದಾದರೂ ಸಂಸ್ಥೆ ತೆಗೆದು ನೋಡಿದರೆ ನಮಗೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿದ್ದರಿಂದಲೇ ನನಗೆ ಇದು ಗೊತ್ತಾಯಿತು. ವರದಿ ತೆಗೆದು ನೋಡಿದರೆ ಹತ್ತು ದಿನಗಳೊಳಗೆ ಐದು ಎನ್‌ಕ್ವೈರಿಗಳು (ಸಾಲದ ಅರ್ಜಿಗಾಗಿ ಸಂಸ್ಥೆಯೊಂದು ನಮ್ಮ ವರದಿ ತರಿಸಿಕೊಂಡ ದಾಖಲೆ), ಒಂದರಲ್ಲಿ 40 ಲಕ್ಷ, ಇನ್ನೊಂದರಲ್ಲಿ 50 ಲಕ್ಷ, ಮತ್ತೊಂದು ನಾನು ಹೆಸರೇ ಕೇಳಿರದ ಹಣಕಾಸು ಸಂಸ್ಥೆಯದು. ಸ್ಕೋರ್ 765ಕ್ಕೆ ಬಂದಿತ್ತು.

ನ್ಯೂಜೆರ್ಸಿಯಲ್ಲಿರುವ ಚಿಕ್ಕಮ್ಮನ ಮಗ, “ಅದಕ್ಕೇನು, ಎಲ್ಲಾ ಸೇರಿ ಒಂದೇ ಲೆಕ್ಕ” ಎಂದು ಸಮಾಧಾನ ಹೇಳಿದ. ಅವನ ಮಾತು ಅವನ ದೇಶಕ್ಕೆ ಸರಿ: ಅಲ್ಲಿ ನಮ್ಮ ಸಿಬಿಲ್ ಸ್ಕೋರಿನಂತೆ ಬಳಸುವ ಫೈಕೋ ಸ್ಕೋರಿನ ಹೊಸ ಆವೃತ್ತಿಗಳು 45 ದಿನಗಳೊಳಗೆ, ಹಳೆಯವು 14 ದಿನಗಳೊಳಗೆ ಆದ ಗೃಹಸಾಲದ ಎನ್‌ಕ್ವೈರಿಗಳನ್ನೆಲ್ಲ ಒಂದೇ ಎಂದು ಎಣಿಸುತ್ತವೆ. ನನ್ನ ವರದಿಯಲ್ಲಾದರೋ ಸಾಲ ಕೊಡುವವರ ಹೆಸರು, ದಿನಾಂಕ, ಸಾಲದ ಬಗೆ, ಮೊತ್ತಗಳೊಂದಿಗೆ ಐದೂ ಬೇರೆ ಬೇರೆ ಸಾಲುಗಳಾಗಿ ಕೂತಿದ್ದವು. ಅಮೆರಿಕದ ಆ ರಿಯಾಯಿತಿಯನ್ನು ಇಲ್ಲಿ ನಂಬಿಕೊಂಡು ಅರ್ಜಿ ಹಾಕಬಾರದೆಂದು ನನಗೆ ಆಗ ಮನವರಿಕೆಯಾಯಿತು.

ನಿಜ ಹೇಳಬೇಕೆಂದರೆ ಇಪ್ಪತ್ತೊಂದು ಅಂಕದ ಇಳಿಕೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ಆ ಸಾಲುಗಳೇ. ನಾನು ಕೊನೆಗೆ ಆರಿಸಿಕೊಂಡ ಬ್ಯಾಂಕಿನ ಮ್ಯಾನೇಜರರು ಆ ಪುಟದ ಮೇಲೆ ಪೆನ್ಸಿಲ್ ಇಟ್ಟು, “ಸರ್, ಇವರೆಲ್ಲ ರಿಜೆಕ್ಟ್ ಮಾಡಿದ್ದಾ?” ಎಂದು ಮೆಲ್ಲನೆ ಕೇಳಿದರು. ಒಬ್ಬರೂ ತಿರಸ್ಕರಿಸಿರಲಿಲ್ಲ, ಆದರೆ ವರದಿ ಅದನ್ನು ಹೇಳುವುದಿಲ್ಲ. ಪ್ರತಿಯೊಂದು ಎನ್‌ಕ್ವೈರಿಗೂ ಕಾರಣ ಬರೆದು, ಎಲ್ಲಿಯೂ ಸಾಲ ಪಡೆದಿಲ್ಲವೆಂದು ಸಹಿ ಹಾಕಿ ಪತ್ರ ಕೊಟ್ಟೆ. ಅಪರಿಚಿತ ಸಂಸ್ಥೆಯ ವಿರುದ್ಧ ದೂರನ್ನೂ ಸಲ್ಲಿಸಿದೆ. ಇಂಥ ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವಿದೆ. ನನ್ನ ಪಾಲಿಗೆ ಉತ್ತರ ಬೇಗನೆ ಬಂತು: ಓಟಿಪಿ ಕೊಟ್ಟವರು ನೀವೇ, ಒಪ್ಪಿಗೆ ದಾಖಲಾಗಿದೆ. ಆ ಸಾಲು ಅಳಿಯಲಿಲ್ಲ.

ಮಾರುವವರು ಮೂರು ತಿಂಗಳ ಗಡುವು ಕೊಟ್ಟದ್ದರಿಂದ ಮೊದಲ ಎರಡು ತಿಂಗಳು ಹೊಸ ಅರ್ಜಿಯನ್ನೇ ಹಾಕದೆ ಸುಮ್ಮನಿದ್ದು, ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಸ್ಟೇಟ್‌ಮೆಂಟ್ ದಿನಾಂಕಕ್ಕೆ ಮೊದಲೇ ತೀರಿಸುತ್ತಾ ಬಂದೆ. ಈ ನಡುವೆ ಬಡ್ಡಿ ವಿಚಾರಿಸುವುದನ್ನು ಬಿಡಲಿಲ್ಲ. ಸ್ವಂತ ವರದಿಯನ್ನು ನಾವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ (ಇಳಿಯುತ್ತದೆಂದು ಹೆದರಿ ಹತ್ತು ವರ್ಷದಿಂದ ನೋಡದೇ ಇರುವ ಸಹೋದ್ಯೋಗಿ ನನಗಿದ್ದಾರೆ), ಮತ್ತು ಸಿಬಿಲ್ ಸೇರಿದಂತೆ ನಾಲ್ಕೂ ಕ್ರೆಡಿಟ್ ಮಾಹಿತಿ ಕಂಪನಿಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅದನ್ನು ಮುದ್ರಿಸಿ, ಯಾರೂ ಹೊಸ ಎನ್‌ಕ್ವೈರಿ ಹಾಕದಂತೆ ಪ್ಯಾನ್ ಸಂಖ್ಯೆಯ ಮೇಲೆ ಕಾಗದದ ಚೂರು ಅಂಟಿಸಿ, ಸಂಬಳದ ಚೀಟಿಯೊಂದಿಗೆ ಮೂರು ಶಾಖೆಗಳಿಗೆ ಹೋದೆ. ಈ ಸ್ಕೋರಿಗೆ ಬಡ್ಡಿ ಎಷ್ಟು, ರೆಪೋ ದರದ (ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು ಸಾಲ ಕೊಡುವ ದರ) ಮೇಲೆ ಎಷ್ಟು ಸೇರಿಸುತ್ತೀರಿ, ಪ್ರೊಸೆಸಿಂಗ್ ಫೀ ಎಷ್ಟು, ವಕೀಲರ ಅಭಿಪ್ರಾಯದ ಖರ್ಚು ಯಾರದು ಎಂದು ಕೇಳಿ ಬರೆದುಕೊಂಡೆ. ಒಬ್ಬರು ಮಾತ್ರ ಪ್ಯಾನ್ ಇಲ್ಲದೆ ಹೇಳಲಾಗದು ಎಂದರು. ನಮಸ್ಕಾರ ಹೇಳಿ ಎದ್ದು ಬಂದೆ.

ಅರ್ಜಿಯನ್ನು ಒಂದೇ ಕಡೆ ಹಾಕಿದೆ. ಅಂದು ಸ್ಕೋರ್ 779 ಇತ್ತು, ಶೇ. 8.5ಕ್ಕೇ ಸಾಲ ಮಂಜೂರಾಯಿತು. ಸಹ ಅರ್ಜಿದಾರಳಾದ ನನ್ನ ಹೆಂಡತಿಯ ವರದಿಯನ್ನೂ ಬ್ಯಾಂಕು ತರಿಸಿತು; ಆಕೆಯ ಪ್ಯಾನ್ ಏಜೆಂಟರ ಕೈಗೆ ಹೋಗಿರಲಿಲ್ಲವಾದ್ದರಿಂದ ಅದರಲ್ಲಿ ಇದ್ದದ್ದು ಆ ಬ್ಯಾಂಕಿನ ಒಂದೇ ಒಂದು ಎನ್‌ಕ್ವೈರಿ, ಸ್ಕೋರ್ 801. ಈ ಸಂಖ್ಯೆಯನ್ನು ನಾನು ಮರೆಯದಂತೆ ಆಕೆ ನೋಡಿಕೊಳ್ಳುತ್ತಿದ್ದಾಳೆ.