ಹದಿನಾಲ್ಕು ಹುಣಸೆ ಬೀಜ, ಒಂಬತ್ತು ಪ್ರಶ್ನೆ

ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಮನಸ್ಸಿನ ಸ್ಥಿತಿ ಬಗ್ಗೆ ನನ್ನ ಪಿಎಚ್‌ಡಿ ಸರ್ವೆ. ಸಾಧನ ಪಿಎಚ್‌ಕ್ಯೂ-9, ಅಂದರೆ ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ ಕೇಳಿ ಖಿನ್ನತೆ ಅಳೆಯುವ ಫಾರಂ. ಹುಣಸೆ ಬೀಜ ಹಿಡಿದು ಖಿನ್ನತೆ ಅಳೆಯುತ್ತೇನೆ ಎಂದಾಗ ಡಿಪಾರ್ಟ್‌ಮೆಂಟಿನಲ್ಲಿ ನಕ್ಕವರೇ ಜಾಸ್ತಿ. "ಚೌಕಾಬಾರಾ ಆಡೋಕೆ ಹೊರಟಿದ್ದೀಯಾ?" ಎಂದರು ಒಬ್ಬ ಹಿರಿಯರು. ಈಗ ಡೇಟಾ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಫಾರಂ ಜೆರಾಕ್ಸ್ ಮಾಡಿಸಿ ಫ್ಯಾಕ್ಟರಿ ಗೇಟಿನಲ್ಲಿ ಹಂಚಿದ್ದೆ. ಎರಡು ಸಾವಿರ ಚಿಲ್ಲರೆ ಖರ್ಚು. ವಾಪಸ್ ಬಂದವುಗಳಲ್ಲಿ ಅರ್ಧದಷ್ಟು ಮೇಲಿಂದ ಕೆಳಗೆ ಒಂದೇ ಕಾಲಂಗೆ ಟಿಕ್. ಬಸ್ಸು ಹಿಡಿಯುವ ಅವಸರದಲ್ಲಿ ಯಾರು ಓದುತ್ತಾರೆ? ಆಮೇಲೆ ಗೂಗಲ್ ಫಾರ್ಮ್, ತುಂಬಿದವರಿಗೆ 50 ರೂಪಾಯಿ ರೀಚಾರ್ಜ್. ರಾತ್ರೋರಾತ್ರಿ ಇನ್ನೂರರ ಹತ್ತಿರ ಉತ್ತರ ಬಂತು. ನೋಡಿದರೆ ನಿಮಿಷಕ್ಕೊಂದರಂತೆ ಸಾಲಾಗಿ, ಎಲ್ಲವೂ ಒಂದೇ ಥರ. ಯಾರೋ ಇಬ್ಬರು ಮೂವರು ಕೂತು ತುಂಬಿದ್ದು. ಆ ದುಡ್ಡು ಗೋವಿಂದ.

ಮೂರನೆಯದು ಹುಡುಗರನ್ನು ಇಟ್ಟುಕೊಂಡು ಫಾರಂಗೆ ಇಷ್ಟು ಅಂತ ಕೊಟ್ಟಿದ್ದು. ಟೀ ಅಂಗಡಿಯಲ್ಲೇ ಫಾರಂ ತುಂಬಿತು! ದಿನಗೂಲಿಗೆ ಬದಲಾಯಿಸಿದೆ, ಸುಮಾರು 700 ಮತ್ತು ಬಸ್ ಚಾರ್ಜು. ಫಾರಂ ಕಡಿಮೆಯಾದವು, ಆದರೆ ನಿಜವಾದವು ಬಂದವು. ಕಳ್ಳ ಫಾರಂ ಹಿಡಿಯಲು ನಾನು ಒಂದು ಪ್ರಶ್ನೆ ಸೇರಿಸಿದ್ದೇನೆ. ಯಾವುದು ಅಂತ ಹೇಳಿದರೆ ನಾಳೆಯಿಂದ ಕೆಲಸ ಮಾಡಲ್ಲ, ಬಿಡಿ.

ಇನ್ನು ಬೀಜದ ವಿಷಯ. "ಎರಡು ವಾರದಲ್ಲಿ ಎಷ್ಟು ದಿನ?" ಎಂದು ಬಾಯಲ್ಲಿ ಕೇಳಿದರೆ ಎಲ್ಲರದೂ ಒಂದೇ ಉತ್ತರ, "ಒಂದೊಂದ್ಸಲ ಮೇಡಂ." ಹಾಗಾಗಿ ಭಾನುವಾರ ಮನೆಗೇ ಹೋಗಿ 14 ಬೀಜ ಕೈಗೆ ಕೊಟ್ಟೆ, ದಿನಕ್ಕೊಂದು. ಹೋದ ಭಾನುವಾರ, ಅದರ ಹಿಂದಿನ ಭಾನುವಾರ ಏನು ಮಾಡಿದಿರಿ ಅಂತ ಮೊದಲು ನೆನಪಿಸಿ ನಂತರ ಪ್ರಶ್ನೆ. ನಿದ್ದೆ ಬಾರದ ದಿನ ಎಷ್ಟೋ ಅಷ್ಟು ಬೀಜ ಡಬ್ಬಿಗೆ ಹಾಕಬೇಕು. ಡಬ್ಬಿಯಲ್ಲಿ 0-1 ಬೀಜ ಇದ್ದರೆ ಅಂಕ ಸೊನ್ನೆ, 2-6ಕ್ಕೆ 1, 7-11ಕ್ಕೆ 2, 12-14ಕ್ಕೆ 3. ಈ ಲೆಕ್ಕ ನನ್ನದಲ್ಲ, ಇದೇ ಫಾರಂನ ಎಂಟು ಪ್ರಶ್ನೆಯ ರೂಪ, ದಿನ ಎಣಿಸುವ ಪಿಎಚ್‌ಕ್ಯೂ-8ರಲ್ಲಿ ಇದೇ ಇದೆ. ಬೀಜ ಮಾತ್ರ ನನ್ನದು.

ನಿಜವಾದ ಲಾಭ ಬೇರೆಯೇ. ಒಂದೇ ರೂಮಿನ ಮನೆ, ಅತ್ತೆ ಅಲ್ಲೇ ಕೂತಿರುತ್ತಾರೆ, ಪಕ್ಕದ ಮನೆಯವರು ಬಾಗಿಲಲ್ಲಿ. ಪ್ರಶ್ನೆಗೆ ನಂಬರ್ ಇರುವ ಕಾರ್ಡು ತೋರಿಸಿ ಕಿವಿಯಲ್ಲಿ ಓದಿದರೆ ಸಾಕು, ಉತ್ತರ ಯಾರಿಗೂ ಕೇಳಿಸುವುದಿಲ್ಲ. ಸಾಯುವ ಯೋಚನೆಯ ಒಂಬತ್ತನೇ ಪ್ರಶ್ನೆಗೆ ಇದು ತುಂಬಾ ಮುಖ್ಯ. ಗೇಟಿನ ಫಾರಂನಲ್ಲಿ ಅದಕ್ಕೆ ಬಹುತೇಕ ಎಲ್ಲರೂ ಸೊನ್ನೆ. ಡಬ್ಬಿಯಲ್ಲಿ ಬೀಜ ಬಿದ್ದವು. ಒಂದೇ ಬೀಜ ಬಿದ್ದು ಅಂಕ ಸೊನ್ನೆ ಬಂದರೂ ನಾವು ಎದ್ದು ಬರುತ್ತಿರಲಿಲ್ಲ. ಕೂತು ಮಾತಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಅಲ್ಲೇ ಫೋನ್ ಹಚ್ಚಿಕೊಡುತ್ತಿದ್ದೆವು.

ಒಬ್ಬರ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವ ಅಳತೆ ಆಲ್ಫಾ, 1ರ ಹತ್ತಿರ ಇದ್ದಷ್ಟೂ ಹೊಂದಾಣಿಕೆ ಹೆಚ್ಚು. ಒಂದೇ ಕಾಲಂ ಟಿಕ್ ಮಾಡಿದ ಫಾರಂ ತೆಗೆದ ಮೇಲೆ ಗೇಟಿನ ಡೇಟಾದಲ್ಲಿ ಅದು 0.6ರ ಆಸುಪಾಸು ಇತ್ತು, ಬೀಜದಲ್ಲಿ 0.8 ದಾಟಿತು. ನಕ್ಕ ಹಿರಿಯರು ಎರಡು ಸಲ ಶೀಟ್ ತೆರೆದು ನೋಡಿದರು. ಒಂದು ಫಾರಂಗೆ ಎಲ್ಲಾ ಸೇರಿ 90ರಿಂದ 100 ರೂಪಾಯಿ ಬಿತ್ತು. ಸಮಯ ಮಾತ್ರ ದುಪ್ಪಟ್ಟು.

ಮಧ್ಯೆ ನಾಣ್ಯದ ಪ್ರಯೋಗವನ್ನೂ ಮಾಡಿದೆ. ಯಾರ "ಹೌದು" ನಿಜ ಎಂದು ಕೇಳುವವರಿಗೂ ಗೊತ್ತಾಗದಂತೆ ಗುಟ್ಟಿನ ಪ್ರಶ್ನೆ ಕೇಳಲು ಸ್ಟ್ಯಾನ್ಲಿ ವಾರ್ನರ್ ಎಂಬ ಸಂಶೋಧಕ 1965ರಲ್ಲಿ ಶುರು ಮಾಡಿದ ಪದ್ಧತಿಯ ಒಂದು ರೂಪ. ಸೂಪರ್‌ವೈಸರ್ ಬೈತಾರಾ ಅನ್ನೋದಕ್ಕೆ ಹೆಡ್ ಬಿದ್ದರೆ ಸುಮ್ನೆ "ಹೌದು" ಅನ್ನಬೇಕು, ಟೇಲ್ ಬಿದ್ದರೆ ನಿಜ ಹೇಳಬೇಕು. "ನನಗೆ ಬೈದೇ ಇಲ್ಲ, ಯಾಕೆ ಸುಳ್ಳು ಹೇಳಲಿ?" ಎಂದು ಒಬ್ಬ ಅಕ್ಕ ನಾಣ್ಯ ವಾಪಸ್ ಕೊಟ್ಟರು. ಅವರೊಬ್ಬರೇ ಅಲ್ಲ. ಅಲ್ಲಿಗೇ ಕೈಬಿಟ್ಟೆ. ಬೀಜದ ಬದಲು ಶರ್ಟ್ ಬಟನ್ನೂ ಕೊಟ್ಟು ನೋಡಿದ್ದೆ. "ಭಾನುವಾರನೂ ಬಟನ್ ಎಣಿಸಬೇಕಾ ಮೇಡಂ?" ಅಂದರು, ಸರಿಯೇ ಅಲ್ವಾ?

ಮಾಡುವವರಿಗೆ ಒಂದು ಮಾತು. ಹಸಿ ಬೀಜ ಹುಳ ಹಿಡಿಯುತ್ತದೆ. ಹುರಿದರೆ ಮನೆಯ ಮಕ್ಕಳು ಬಾಯಿಗೆ ಹಾಕಿಕೊಂಡು ಬಿಡುತ್ತಾರೆ, ನಡುವೆ 13 ಆಗುತ್ತದೆ. ಪ್ರತಿ ಪ್ರಶ್ನೆ ಆದ ಮೇಲೂ ಎಣಿಸಿ, ಜೇಬಿನಲ್ಲಿ ಒಂದು ಹಿಡಿ ಜಾಸ್ತಿ ಇರಲಿ.