ಬೂಷ್ಟು ಹಾಕಿಯೇ ಸೀತಾಳೆ ಸಸಿ ಮಾಡಿದೆ

"ರೊಟ್ಟಿಗೆ ಬೂಷ್ಟು ಬಂದ್ರ ನನಗ ಬೈತೀರಿ, ಇಲ್ಲಿ ರೊಕ್ಕಾ ಕೊಟ್ಟು ಬಾಟಲಿಯೊಳಗ ಬೆಳಸಾಕ ಹತ್ತೀರಲ್ರೀ!" ಇದು ನಮ್ಮ ಮನೆಯವಳ ಮಾತು. ಹುಬ್ಬಳ್ಳಿಯಲ್ಲಿ ಬಾಳೆ ಟಿಶ್ಯೂ ಕಲ್ಚರ್ ಮಾಡುವ ಗೆಳೆಯರೊಬ್ಬರು ಇನ್ನೂ ಖಾರವಾಗಿ ಅಂದಿದ್ದರು. "ಬಾಟಲಿಗೆ ಫಂಗಸ್ ಬಂದ್ರ ನಾವು ಎಸೀತೀವಿ, ನೀವು ಬೇಕಂತ ಹಾಕ್ತೀರಿ. ಹುಚ್ಚು ಹಿಡಿದೈತೇನು?" ನಾನು ಮಾಡೋದು ಸೀತಾಳೆ, ಅಂದರೆ ಆರ್ಕಿಡ್ ಬೀಜವನ್ನು ಬಾಟಲಿಯಲ್ಲಿ ಫಂಗಸ್ (ಬೂಷ್ಟು) ಜೊತೆ ಮೊಳೆಸೋದು. ಹಾಗೆ ಮಾಡಿದ 110 ಸಸಿ ನನ್ನ ನೆರಳುಮನೆಯಲ್ಲಿ ಬೇಸಿಗೆ ದಾಟಿವೆ. ಅದಕ್ಕೇ ಬರೆಯುತ್ತಿದ್ದೇನೆ.

ವಾಂಡಾ ಅನ್ನೋದು ಮರದ ಮೇಲೆ ಬೆಳೆಯೋ ಒಂದು ಸೀತಾಳೆ. ಅದರ ಬೀಜವನ್ನು ಫಂಗಸ್ ಇಲ್ಲದೆ ಸಕ್ಕರೆ ಮೀಡಿಯಾದಲ್ಲಿ (ಅಗರ್ ಹಾಕಿ ಗಟ್ಟಿ ಮಾಡಿದ ಪೋಷಕ ಪಾಕ) ಮೊಳೆಸೋದು ಈಗ ದೊಡ್ಡ ವಿಷಯ ಅಲ್ಲ. 1922ರಲ್ಲೇ ಅಮೆರಿಕದ ವಿಜ್ಞಾನಿ ಕ್ನುಡ್ಸನ್ ತೋರಿಸಿಕೊಟ್ಟ ದಾರಿ ಅದು. ನಾನೂ ಎರಡು ವರ್ಷ ಅದನ್ನೇ ಮಾಡಿದೆ. ಬಾಟಲಿಯಲ್ಲಿ ಇರೋವರೆಗೂ ಚೆಂದ. ಹೊರಗೆ ತೆಗೆದ ಮೇಲೆ ಧಾರವಾಡದ ಏಪ್ರಿಲ್ ಬಂತು, ಬುಡ ಕಪ್ಪಾಯಿತು, 100ಕ್ಕೆ 60 ಹೋದವು. ಮರದ ಮೇಲೆ ತಾನಾಗೇ ಹುಟ್ಟಿದ ಸಸಿ ಅದೇ ಬಿಸಿಲಲ್ಲಿ ಬದುಕುತ್ತೆ, ನನ್ನದು ಯಾಕೆ ಸಾಯಬೇಕು? ಮರದ ಮೇಲಿನ ಬೀಜ ಮೊಳೆಯೋದು ಬೇರಿನಲ್ಲಿರೋ ಫಂಗಸ್ ನೆರವಿನಿಂದ. ಆ ಫಂಗಸ್ ಹಿಂದೆ ಬಿದ್ದಿದ್ದು ಹಾಗೆ.

ಕಲಘಟಗಿ ಕಡೆ ನಮ್ಮಣ್ಣನ ಆಪೂಸ್ ತೋಟ ಇದೆ. ಮುಂಗಾರಿನ ಗಾಳಿಗೆ ಮುರಿದು ಬಿದ್ದ ಟೊಂಗೆಗಳಲ್ಲಿ ವಾಂಡಾ ಟೆಸೆಲ್ಲೇಟಾ ಗಿಡಗಳಿದ್ದವು. ಬೀಜ, ಬೇರು ಎರಡೂ ಅಲ್ಲಿಂದಲೇ. ಕಾಡಿಗೆ ಹೋಗಿ ಕಿತ್ತು ತರೋ ಕೆಲಸ ನಾನು ಮಾಡಿಲ್ಲ, ನೀವೂ ಮಾಡಬೇಡಿ.

ಮೊದಲ ವರ್ಷ ಬೇರನ್ನು ಬ್ಲೀಚಿನಲ್ಲಿ ತೊಳೆದು, ಕತ್ತರಿಸಿ, ಆಲೂಗಡ್ಡೆ ಮೀಡಿಯಾದ ಮೇಲೆ ಇಟ್ಟೆ. ಬಂದಿದ್ದೆಲ್ಲ ಟ್ರೈಕೋಡರ್ಮಾ, ನನಗೆ ಬೇಡವಾದ ಬೇರೆ ಬೂಷ್ಟು. ಹಸಿರೋ ಹಸಿರು. ಸುಮಾರು 50 ಪ್ಲೇಟ್ ಗಟಾರಕ್ಕೆ ಹೋದವು. ತಪ್ಪು ಎರಡಿತ್ತು. ಗಾಳಿಯಲ್ಲಿ ಜೋತುಬಿದ್ದ ಬೇರು ತೆಗೆದುಕೊಂಡಿದ್ದೆ. ಫಂಗಸ್ ಇರೋದು ತೊಗಟೆಗೆ ಅಂಟಿದ ಕಡೆ. ಇನ್ನೊಂದು, ಬೇರಿನ ತುಂಡನ್ನೇ ಇಡಬಾರದು. ಮೇಲಿನ ಸಿಪ್ಪೆ ಹೆರೆದು, ಒಳಗಿನ ಭಾಗ ಕೆದಕಿ, ಜೀವಕೋಶದ ಒಳಗೆ ನೂಲಿನ ಉಂಡೆ ಥರ ಸುತ್ತಿಕೊಂಡಿರೋದನ್ನು ಮಾತ್ರ ಎತ್ತಬೇಕು. ಅದನ್ನು ಶುದ್ಧ ನೀರಲ್ಲಿ ನಾಲ್ಕೈದು ಸಲ ಜಾಲಿಸಿ ಇಡಬೇಕು. ಗುಜರಿಯಲ್ಲಿ 3500ಕ್ಕೆ ಸಿಕ್ಕ ಮೈಕ್ರೋಸ್ಕೋಪೇ ಸಾಕಾಯಿತು. ಕವಲು ಕಾಟಕೋನದಲ್ಲಿ ಒಡೆಯುತ್ತಾ, ಕೆನೆ ಬಣ್ಣದಲ್ಲಿ ಹರಡಿದರೆ ರೈಜೋಕ್ಟೋನಿಯಾ ಬಳಗದ್ದು, ಅಂದರೆ ಸೀತಾಳೆ ಬೇರಿನಲ್ಲಿ ಇರೋ ಫಂಗಸ್ ಅಂತ ಲೆಕ್ಕ. ಹಾಗೆ 11 ಸಿಕ್ಕವು. ಕೆಲಸಕ್ಕೆ ಬಂದಿದ್ದು 2.

ಎರಡನೇ ವರ್ಷದ ಪೆಟ್ಟು ಜಾಸ್ತಿ ನೋವು ಕೊಟ್ಟಿತು. ಬೀಜ ಉಬ್ಬಿ ಹಸಿರು ಕಾಳಾದವು, ಮನೆಮಂದಿಗೆಲ್ಲ ತೋರಿಸಿ ಬಂದೆ. ಹದಿನೈದು ದಿನಕ್ಕೆ ಫಂಗಸ್ ಅವನ್ನೇ ತಿಂದು ಲೋಳೆ ಮಾಡಿತ್ತು. ಮೀಡಿಯಾಕ್ಕೆ ಲೀಟರಿಗೆ 20 ಗ್ರಾಂ ಸಕ್ಕರೆ ಹಾಕಿದ್ದೆ, ಅಭ್ಯಾಸಬಲ. ಹೊಟ್ಟೆ ತುಂಬಿದ ಫಂಗಸ್ ಸೊಕ್ಕುತ್ತೆ. ಅದನ್ನು ಉಪವಾಸ ಕೆಡವಬೇಕು. ಈಗ ಲೀಟರಿಗೆ ಪುಡಿ ಮಾಡಿದ ಓಟ್ಸ್ ಎರಡೂವರೆ ಗ್ರಾಂ, ಅಗರ್ 8–9 ಗ್ರಾಂ, ಅಷ್ಟೇ. ಸಕ್ಕರೆ ಚೂರೂ ಇಲ್ಲ. ಇನ್ನೊಂದು ವಸ್ತು ಚಿಟಿಕೆಯಷ್ಟು ಹಾಕುತ್ತೇನೆ, ಅದು ನನ್ನ ಹತ್ರವೇ ಇರಲಿ. ಅಗರ್ ಬದಲು ಕಿರಾಣಿ ಅಂಗಡಿಯ ಚೈನಾ ಗ್ರಾಸ್ ನಡೆಯುತ್ತೆ. ಆದರೆ ಪ್ಯಾಕೆಟ್ ಓದಿ ತನ್ನಿ. ಸಕ್ಕರೆ, ಏಲಕ್ಕಿ ಬೆರೆಸಿದ ಸಿಹಿತಿಂಡಿ ಮಿಕ್ಸ್ ತಂದು ಕುಕ್ಕರಿಗಿಟ್ಟವನು ನಾನು. ಮನೆಯೆಲ್ಲ ಘಮಘಮ.

ಬೀಜವನ್ನು ಫಿಲ್ಟರ್ ಕಾಗದದ ಪೊಟ್ಟಣದಲ್ಲಿ ಬ್ಲೀಚ್ ಮಾಡಿ ಹರಡಿ, ಮಧ್ಯದಲ್ಲಿ ಜೋಳದ ಕಾಳಿನಷ್ಟು ಫಂಗಸ್. ಮೂರು ವಾರಕ್ಕೆ ಉಬ್ಬಿದವು, ಮೂರು ತಿಂಗಳಿಗೆ ಎಲೆ ಬಂತು. 40 ಬಾಟಲಿಯಲ್ಲಿ 9 ಗೆದ್ದವು. ಪಕ್ಕದ ಟೊಂಗೆಯ ಡೆಂಡ್ರೋಬಿಯಂ (ಇನ್ನೊಂದು ಜಾತಿ ಸೀತಾಳೆ) ಬೇರಿನ ಫಂಗಸ್ಸಿನಲ್ಲೂ ಮೊಳೆತವು, ಆದರೆ ಕಾಳಿನ ಹಂತ ದಾಟಲಿಲ್ಲ. ಬೇಸಿಗೆಯಲ್ಲಿ ಪ್ಲೇಟುಗಳನ್ನು ಮಡಿಕೆಯೊಳಗೆ ಮಡಿಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ ಉಳಿಸಿಕೊಂಡೆ. ಕರೆಂಟ್ ನಂಬಿ ಒಂದು ಸಲ ಎಲ್ಲ ಕಳಕೊಂಡಿದ್ದೆ.

ಈಗ ನನಗೆ ಜಾಸ್ತಿ ಕುತೂಹಲ ಇರೋ ವಿಷಯ. ಹೊರಗೆ ತೆಗೆದ 160ರಲ್ಲಿ 110 ಬೇಸಿಗೆ ದಾಟಿವೆ. ಪಕ್ಕದಲ್ಲೇ ಇಟ್ಟ ಸಕ್ಕರೆ ಬಾಟಲಿಯ 100ರಲ್ಲಿ ಉಳಿದಿದ್ದು ನಲವತ್ತೋ ನಲವತ್ತೆರಡೋ. ಒಂದೇ ನೀರು, ಒಂದೇ ನೆರಳು. ನನ್ನ ಅಂದಾಜು, ಫಂಗಸ್ ಒಳಗೆ ಬಂದರೆ ಗಿಡ ಸುಮ್ನೆ ಕೂರಲ್ಲ, ಅದನ್ನು ಹದ್ದುಬಸ್ತಿನಲ್ಲಿ ಇಡಲು ತಾನೇ ಮದ್ದು ತಯಾರಿಸುತ್ತೆ. ಆ ಮದ್ದೇ ಕೊಳೆರೋಗವನ್ನೂ ತಡೆಯುತ್ತಿರಬೇಕು. ಮದ್ದಿನ ವಿಷಯ ಹೊಸದಲ್ಲ. ಫ್ರಾನ್ಸಿನ ನೋಯೆಲ್ ಬರ್ನಾರ್ 1909ರಲ್ಲೇ ಆರ್ಕಿಡ್ ಗಡ್ಡೆಯ ತುಂಡು ಪಕ್ಕದ ಫಂಗಸ್ಸನ್ನು ತಡೆಯೋದನ್ನು ಕಂಡಿದ್ದ. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಗಾಯ್ಮನ್ ತಂಡ ಅಂಥ ಗಡ್ಡೆಯಿಂದಲೇ ಆರ್ಕಿನಾಲ್ ಅನ್ನೋ ಫಂಗಸ್ ತಡೆಯೋ ವಸ್ತು ತೆಗೆದಿತ್ತು. ಅದು ಫಿನಾಲ್ ಅನ್ನೋ ರಾಸಾಯನಿಕ ಗುಂಪಿಗೆ ಸೇರಿದ್ದು. ಚೀನಾದವರು ಡೆಂಡ್ರೋಬಿಯಂ ನೋಬಿಲೆಗೆ ಮೈಸೀನಾ ಫಂಗಸ್ ಹಾಕಿ ಅದರಲ್ಲಿನ ಔಷಧಿ ಅಂಶ ಡೆಂಡ್ರೋಬಿನ್ ಹೆಚ್ಚಿಸಿದ್ದಾರೆ.

ನಮ್ಮದು ಬಡವರ ಪರೀಕ್ಷೆ. ಎರಡೂ ಥರದ ಬೇರನ್ನು ಸಮ ತೂಗಿ, ಸ್ಪಿರಿಟ್ಟಿನಲ್ಲಿ ಅರೆದು, ಫಿನಾಲ್ ಇದ್ದರೆ ಬಣ್ಣ ತಿರುಗಿಸೋ ಫೆರಿಕ್ ಕ್ಲೋರೈಡ್ ಎರಡು ಹನಿ ಹಾಕಿದೆ. ಫಂಗಸ್ ಇದ್ದಿದ್ದು ಕಡುಹಸಿರು, ಹೆಚ್ಚುಕಮ್ಮಿ ಕಪ್ಪು. ಇನ್ನೊಂದರದು ತಿಳಿ ಬಣ್ಣ. ಫಿನಾಲ್ ಜಾಸ್ತಿ ಅಂತ ಅರ್ಥ, ಯಾವ ಫಿನಾಲ್ ಅಂತ ಇದರಲ್ಲಿ ಗೊತ್ತಾಗಲ್ಲ. ಕೆಮಿಸ್ಟ್ರಿ ಮೇಷ್ಟ್ರಾದ ನನ್ನ ಭಾವ "ಮೂರು ಸಲ ಮಾಡ್ರಿ, ಆಮ್ಯಾಲೆ ಮಾತಾಡೋಣ" ಅಂದರು. ಮೂರು ಸಲ ಮಾಡಿದೆ. ಎರಡು ಸಲ ಅದೇ ಬಂತು.

ಆ ಉಮೇದಿನಲ್ಲಿ ಒಂದು ಎಡವಟ್ಟು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಇನ್ನಷ್ಟು ಏರಬಹುದಾ ಅಂತ ಇದೇ ಫಂಗಸ್ಸನ್ನು ಮೆಣಸಿನ ಸಸಿಗೆ ಹಾಕಿದೆ. ಎರಡು ಟ್ರೇ ಸಸಿ ಒಂದೇ ವಾರದಲ್ಲಿ ಬುಡ ಕೊಳೆತು ಮಲಗಿದವು. ಸೀತಾಳೆಗೆ ನೆಂಟ, ಮೆಣಸಿಗೆ ಯಮ. ಬೆಳೆಯ ಬುಡ ಕೊಳೆಸೋ ಫಂಗಸ್ಸೂ ಇದೇ ರೈಜೋಕ್ಟೋನಿಯಾ ಬಳಗದ್ದು, ಹೆಸರು ಕೇಳಿದಾಗಲೇ ನನಗೆ ಹೊಳೆಯಬೇಕಿತ್ತು. ಆ ಟ್ರೇಗಳನ್ನು ಮಣ್ಣಿನ ಸಮೇತ ಸುಟ್ಟೆ.

ಖರ್ಚು ನಾಲ್ಕು ವರ್ಷಕ್ಕೆ ಸುಮಾರು 40 ಸಾವಿರ. ಅದರಲ್ಲಿ ದೊಡ್ಡ ಕುಕ್ಕರು, ಹಳೇ ಮೀನಿನ ತೊಟ್ಟಿಯಿಂದ ಮಾಡಿದ ಗ್ಲೌ ಬಾಕ್ಸ್ (ಧೂಳು ತಾಗದಂತೆ ಒಳಗೆ ಕೈ ತೂರಿಸಿ ಕೆಲಸ ಮಾಡೋ ಪೆಟ್ಟಿಗೆ), ಬಾಟಲಿ ಎಲ್ಲ ಬಂತು. 30 ಸಸಿ 150ರಂತೆ ಮಾರಿದೆ, 4500 ಬಂತು. ಲೆಕ್ಕ ಕೇಳಿ ಮನೆಯವಳು ಏನೂ ಅನ್ನಲಿಲ್ಲ, ಅದೇ ಹೆದರಿಕೆ.

ಮೊನ್ನೆ ಆ ಬಾಳೆ ಗೆಳೆಯರು ಬಂದಿದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, "ಒಂದ್ ಪ್ಲೇಟ್ ನನಗೂ ಕೊಡ್ರಿ, ಸುಮ್ನ ನೋಡ್ತೀನಿ" ಅಂದರು. ಕೊಟ್ಟೆ. ನನ್ನ ಎರಡು ಫಂಗಸ್ಸಿನಲ್ಲಿ ಸ್ವಲ್ಪ ಮೆಲ್ಲಗೆ ಬೆಳೆಯೋದನ್ನು.