ಹಳೇ ನಕ್ಷೆಗಳಲ್ಲಿ ಬ್ರೈಟನ್ ಬೆಳೆದದ್ದನ್ನು ನಾನು ನೋಡಿದ ಬಗೆ

ಇಂಗ್ಲೆಂಡಿನ ಬ್ರೈಟನ್ ಪಟ್ಟಣ ಹೇಗೆ ಬೆಳೆಯಿತು ಅಂತ ತಿಳಿಯೋಕೆ ನಾನು ಹಳೇ ನಕ್ಷೆಗಳನ್ನು ಒಂದರ ಮೇಲೊಂದು ಕೂರಿಸಿ ನೋಡಿದೆ. ಇದಕ್ಕೆ ದುಡ್ಡೇನೂ ಬೇಕಾಗಿಲ್ಲ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಇಂಗ್ಲೆಂಡಿನ ಹಳೇ ಆರ್ಡ್ನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ಸರ್ವೆ ಸಂಸ್ಥೆ) ನಕ್ಷೆಗಳೂ ಇವೆ. ಇವತ್ತಿನ ಉಪಗ್ರಹ ಚಿತ್ರದ ಮೇಲೆ ಅವನ್ನು ಹಾಕಿ, ಬೇಕಾದಷ್ಟು ಮಸುಕು ಮಾಡಿ ನೋಡಬಹುದು. ಅದಕ್ಕಿಂತ ಹಿಂದಿನ ನಕ್ಷೆಗಳನ್ನು ಮಾತ್ರ ಕ್ಯೂಜಿಐಎಸ್ ಅನ್ನೋ ಉಚಿತ ನಕ್ಷೆ ತಂತ್ರಾಂಶದಲ್ಲಿ ನಾನೇ ಕೂರಿಸಿಕೊಂಡೆ.

ಕೂರಿಸೋದು ಅಂದ್ರೆ ಹಳೇ ನಕ್ಷೆಯ ಒಂದು ಜಾಗ, ಇವತ್ತಿನ ನಕ್ಷೆಯಲ್ಲಿ ಅದೇ ಜಾಗ, ಹೀಗೆ ಜೋಡಿ ಗುರುತು ಹಾಕುತ್ತಾ ಹೋಗೋದು. ಕಡಲ ಊರಲ್ಲಿ ಮೊದಲು ಕಣ್ಣಿಗೆ ಬೀಳೋದು ದಡದ ಗೆರೆ, ಅಲ್ವಾ? ಅದರ ಮೇಲೆ ಗುರುತು ಹಾಕಲೇಬೇಡಿ. ದಡ ನಿಂತಲ್ಲಿ ನಿಲ್ಲಲ್ಲ. ಬ್ರೈಟನ್‌ನಲ್ಲಿ ಕಡಿದಾದ ಬಂಡೆಗೋಡೆಯ ಕೆಳಗೆ ಮೀನುಗಾರರ ಒಂದು ಕೇರಿಯೇ ಇತ್ತು, 1703 ಮತ್ತು 1705ರ ಬಿರುಗಾಳಿಗಳು ಉಳಿದಿದ್ದ ಮನೆಗಳನ್ನೂ ಮುಗಿಸಿದವು. ಮೇಲಾಗಿ ಒಬ್ಬ ಸರ್ವೆಯವ ಉಬ್ಬರದ ಗೆರೆ ಎಳೆದಿದ್ದರೆ ಇನ್ನೊಬ್ಬ ಇಳಿತದ್ದು ಎಳೆದಿರುತ್ತಾನೆ. ನಾನು ಗುಡ್ಡದ ಮೇಲಿನ ಸೇಂಟ್ ನಿಕೋಲಸ್ ಚರ್ಚು ಮತ್ತು ಹಳೇ ಬೀದಿಗಳ ಮೂಲೆಗಳನ್ನು ಹಿಡಿದುಕೊಂಡೆ.

ಯೇಕಲ್ ಮತ್ತು ಗಾರ್ಡ್ನರ್ ಅನ್ನೋ ಸರ್ವೆಯವರ 1779ರ ನಕ್ಷೆಯಲ್ಲಿ ಊರು ಸಣ್ಣದು. ವೆಸ್ಟ್ ಸ್ಟ್ರೀಟ್, ನಾರ್ತ್ ಸ್ಟ್ರೀಟ್, ಈಸ್ಟ್ ಸ್ಟ್ರೀಟ್, ಈ ಮೂರರ ಒಳಗೇ ಹೆಚ್ಚಿನ ಮನೆಗಳು. ಸಮುದ್ರದ ನೀರು ರೋಗಕ್ಕೆ ಮದ್ದು ಅಂತ ಡಾಕ್ಟರ್ ರಿಚರ್ಡ್ ರಸೆಲ್ 1750ರಲ್ಲೇ ಪುಸ್ತಕ ಬರೆದಿದ್ದರು, ಆದರೆ ವೇಲ್ಸ್ ರಾಜಕುಮಾರ (ಮುಂದೆ ದೊರೆಯಾದ ನಾಲ್ಕನೇ ಜಾರ್ಜ್) ಮೊದಲ ಸಲ ಇಲ್ಲಿಗೆ ಬಂದದ್ದು 1783ರಲ್ಲಿ. ಅಂದ್ರೆ ಊರು ಉಕ್ಕಿ ಹರಿಯುವ ಮುಂಚಿನ ಚಿತ್ರ ಇದು.

ನನಗೆ ಜಾಸ್ತಿ ಹಿಡಿಸಿದ್ದು ಊರಲ್ಲ, ಸುತ್ತಲಿನ ಹೊಲಗಳು. ಬ್ರೈಟನ್ ಸುತ್ತ ಐದು ದೊಡ್ಡ ಬಯಲು ಹೊಲಗಳಿದ್ದವು. ಪ್ರತಿ ಹೊಲವನ್ನೂ ಅಡ್ಡದಾರಿಗಳು ಭಾಗ ಮಾಡುತ್ತಿದ್ದವು, ಆ ಭಾಗಗಳೊಳಗೆ ಬೇರೆ ಬೇರೆಯವರ ಉದ್ದನೆಯ ಕಿರಿದಾದ ಪಟ್ಟಿಗಳು. ಜಾಗಕ್ಕೆ ಬೆಲೆ ಬಂದಾಗ ಪಟ್ಟಿಗಳು ಒಂದೊಂದಾಗಿ ಮಾರಾಟವಾದವು, ಕೊಂಡವನು ತನ್ನ ಪಟ್ಟಿಯ ಉದ್ದಕ್ಕೇ ಬೀದಿ ಹಾಕಿ ಎರಡೂ ಬದಿಗೆ ಮನೆ ಕಟ್ಟಿದ. ನಾರ್ತ್ ಲೇನ್ ಭಾಗದಲ್ಲಿ ಇದನ್ನು ಈಗಲೂ ನೋಡಬಹುದು. ಅಲ್ಲಿನ ನಾರ್ತ್ ರೋಡ್ ಹಳೇ ಹೊಲದ ಅಡ್ಡದಾರಿ, ಸಿಡ್ನಿ ಸ್ಟ್ರೀಟ್ ಥರದ ಇಕ್ಕಟ್ಟು ಬೀದಿಗಳು ಪಟ್ಟಿಗಳ ಜಾಡು. ರಾಜಕುಮಾರ ಬಂದ, ಊರು ಬೆಳೆಯಿತು ಅಂತ ಸುಮ್ನೆ ಹೇಳಿಬಿಡ್ತಾರೆ. ಬೆಳೆಯೋಕೆ ಕಾರಣ ಅವನಿರಬಹುದು, ಬೀದಿ ಯಾವ ಕಡೆ ಓಡಬೇಕು ಅಂತ ತೀರ್ಮಾನಿಸಿದ್ದು ಮಾತ್ರ ಉಳುಮೆ ಮಾಡುತ್ತಿದ್ದವರು. ಆದ್ದರಿಂದ ಯಾವ ಊರಿನ ನಕ್ಷೆಯಾದರೂ ನಾನು ಈಗ ಮೊದಲು ಹೊಲದ ಗಡಿಗಳನ್ನೇ ಗೆರೆ ಎಳೆದುಕೊಳ್ಳುತ್ತೇನೆ.

ತಾರೀಕು ಇಲ್ಲದ ನಕ್ಷೆ ಸಿಕ್ಕರೆ ಕಡಲಿಗೆ ಸೇತುವೆಯಂತೆ ಚಾಚಿದ ಪಿಯರ್‌ಗಳು ಕೈ ಹಿಡಿಯುತ್ತವೆ. ಚೈನ್ ಪಿಯರ್ 1823ರಲ್ಲಿ ಶುರುವಾಗಿ 1896ರ ಬಿರುಗಾಳಿಗೆ ಹೋಯಿತು. ವೆಸ್ಟ್ ಪಿಯರ್ 1866ರದ್ದು, ಪ್ಯಾಲೇಸ್ ಪಿಯರ್ 1899ರದ್ದು. ಒಳಗಡೆ ಲಂಡನ್ ರೈಲು ದಾರಿ ಕಂಡರೆ ಅದು 1841ರ ಈಚಿನದು ಅಂತ ಸಾಮಾನ್ಯವಾಗಿ ಹೇಳಬಹುದು. ತಾರೀಕು ಇದ್ದರೂ ಅಂಚಿನಲ್ಲಿ ಅಳತೆ ಮಾಡಿದ ವರ್ಷ, ಅಚ್ಚಾದ ವರ್ಷ ಎರಡನ್ನೂ ನೋಡಿ, ನಡುವೆ ಹಲವು ವರ್ಷಗಳ ಅಂತರ ಇರಬಹುದು.

ಇನ್ನೊಂದು ವಿಷಯ. ಮನೆ ಮಾರುವವರಿಗಾಗಿ ಬರೆದ ನಕ್ಷೆಗಳನ್ನು ಪೂರ್ತಿ ನಂಬಬೇಡಿ. 1823ರ ಸುಮಾರಿಗೆ ಶುರುವಾದ ಕೆಂಪ್ ಟೌನ್ ಬಡಾವಣೆಯಲ್ಲಿ, ಯೋಜನೆಯಲ್ಲಿದ್ದ ಮನೆಗಳಲ್ಲಿ ಅರ್ಧಕ್ಕೂ ಕಡಿಮೆ ಎದ್ದವು. ಹಾಗಾಗಿ ಮುಂದಿನ ಸರ್ವೆಯಲ್ಲೂ ಕಂಡ ಕಟ್ಟಡಕ್ಕೆ ಮಾತ್ರ ಬಣ್ಣ ತುಂಬುತ್ತೇನೆ, ಒಂದೇ ನಕ್ಷೆಯಲ್ಲಿ ಕಂಡದ್ದನ್ನು ಚುಕ್ಕೆ ಗೆರೆಯಲ್ಲಿ ಬಿಡುತ್ತೇನೆ.